ಸೊನ್ನೆ

ಪೆಟ್ಟಿಗೆ ಬಂದದ್ದು ಮಂಗಳವಾರ.
ಟಪಾಲಿನವನು ಹೊಸಿಲಲ್ಲಿಟ್ಟು ಸೊಂಟ ಹಿಡಿದುಕೊಂಡ.
ಅಡುಗೆಮನೆಯ ಮೇಜಿನ ಮೇಲೆ ಸುರಿದೆ:
ಅಲ್ಯುಮಿನಿಯಂ ಪಟ್ಟಿ, ಹಲ್ಲಿನ ಬೆಲ್ಟು,
ಬೀಟ್‌ರೂಟಿನ ಗಾತ್ರದ ನಾಲ್ಕು ಮೋಟರು,
ಚೀಲ ಚೀಲ ಸ್ಕ್ರೂ.
ಉದ್ದನೆಯವು ಇಪ್ಪತ್ತೆಂಟು ಅಂದಿತ್ತು ಹಾಳೆ.
ಎಣಿಸಿದೆ, ಇಪ್ಪತ್ತೇಳು.
ಮತ್ತೆ ಎಣಿಸಿದೆ. ಇಪ್ಪತ್ತೇಳೇ.
ತೊಂಚ್ಕಾ ಲೇಸಿನ ದಿಂಬಿನಿಂದ ತಲೆಯೆತ್ತದೆ ಅಂದಳು:
"ನಿನ್ನ ಎಡಗಾಲಿನ ಕೆಳಗೆ."

ಇದ್ರಿಯಾದ ಪಾದರಸದ ಗಣಿಯಲ್ಲಿ
ಪಂಪು ನೋಡಿಕೊಂಡಿದ್ದವನು ನಾನು.
ನೀರು ಬಂದರೆ ಎತ್ತುವುದು, ಬರದಿದ್ದರೆ ಕಾಯುವುದು.
ಗಣಿ ಮುಚ್ಚಿತು.
ಕೈ ಮುಚ್ಚಲಿಲ್ಲ.

ನೆಲಮಾಳಿಗೆಯಲ್ಲಿ,
ಹುಳಿ ಎಲೆಕೋಸಿನ ಪೀಪಾಯಿಗೂ ಸೌದೆಗೂ ನಡುವೆ
ಚೌಕಟ್ಟು ಎದ್ದು ನಿಂತಿತು, ಒಂದು ಕಾಲು ಮೇಲೆ.
ಕಾಲಿನಡಿ ರಟ್ಟು ತುರುಕಿದೆ.
ಪಕ್ಕದ ಮನೆಯ ಯೆರ್ನೇಯ್, ಹದಿನಾಲ್ಕರ ಹುಡುಗ,
ಕಂಪ್ಯೂಟರಿಗೆ ತಂತಿ ಸಿಕ್ಕಿಸಿಕೊಟ್ಟ.
ಬ್ಲೇಡಿನ ಜಾಗಕ್ಕೆ ಪೆನ್ನು ಕಟ್ಟಿ
ಬಲಕ್ಕೆ ನಡೆ ಅಂದರೆ
ಎಡಕ್ಕೆ ನಡೆಯಿತು, ನನ್ನ ಮಾವನ ಹೇಸರಗತ್ತೆಯ ಹಾಗೆ.
ಕತ್ತೆಗೆ ಏನೂ ಮಾಡಲಾಗಿರಲಿಲ್ಲ.
ಇದಕ್ಕೆ ಎರಡು ತಂತಿ ಅದಲು ಬದಲು ಮಾಡಿದರೆ ಸಾಕಾಯಿತು.

ಒಂದು ಸಂಗತಿ ಮಾತ್ರ ನಾನು ಎಣಿಸಿರಲಿಲ್ಲ:
ಯಂತ್ರಕ್ಕೆ ತಾನೆಲ್ಲಿದ್ದೇನೆಂದು ಗೊತ್ತಿರುವುದಿಲ್ಲ.
ಪ್ರತಿ ಬೆಳಿಗ್ಗೆ ಹೇಳಬೇಕು,
ಇದು ಸೊನ್ನೆ,
ಇಲ್ಲಿಂದ ಶುರು ನಿನ್ನ ಉದ್ದ ಅಗಲ ಆಳ.
ಹಲಗೆಯ ಮೇಲೆ ಸಿಗರೇಟು ಸುತ್ತುವ ಕಾಗದ ಇಟ್ಟು
ಮೊನೆಯನ್ನು ಕೂದಲೆಳೆ ಕೂದಲೆಳೆ ಇಳಿಸುತ್ತ
ಕಾಗದ ಎಳೆಯುತ್ತಿರಬೇಕು.
ಬಂತು.
ಬಂತು.
ಬಂತು.
ಬರಲೋ ಬೇಡವೋ ಅಂತು.
ಅಲ್ಲಿ ಕೈ ಬಿಡಬೇಕು. ಅದೇ ಸೊನ್ನೆ.
ಸಿಗರೇಟು ಬಿಟ್ಟು ಒಂಬತ್ತು ವರ್ಷದ ಮೇಲೆ
ಆ ಕಾಗದ ಕೊಳ್ಳಲು ಹೋದೆ. ಅಂಗಡಿಯವಳು
ಹುಬ್ಬೇರಿಸಿದಳು, ತೊಂಚ್ಕಾಗೂ ಹೇಳಿದಳು.

ಮೊದಲ ಕೊಯ್ತ, ಬೀಚ್ ಮರ.
ಅವಸರದಲ್ಲಿ ವೇಗ ಹೆಚ್ಚಿಟ್ಟಿದ್ದೆ.
ಫಟ್!
ಹನ್ನೊಂದು ಯೂರೋದ ಬಿಟ್ಟು ಮುರಿದು
ಪೀಪಾಯಿಗೆ ಬಡಿದು ಸೌದೆಯಲ್ಲಿ ಮಾಯವಾಯಿತು.
ಯೆರ್ನೇಯ್ ನಗಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು.
ಕನ್ನಡಕ ಹಾಕಿಕೊಂಡೆ, ಅವನಿಗೂ ಹಾಕಿಸಿದೆ.

ಎರಡನೆಯದು ನಿಧಾನ.
ಜೇನುಗೂಡಿನ ಸದ್ದು, ಹುರಿದ ಹಿಟ್ಟಿನ ವಾಸನೆ,
ಮೇಲಿನ ಕೋಣೆಯ ಬಟ್ಟಲುಗಳು ಗುನುಗಿದವು.
ನಲವತ್ತು ನಿಮಿಷದ ಮೇಲೆ ಒಂದು ದುಂಡು ಹಲಗೆ ಕಳಚಿ ಬಿತ್ತು.
ಅಳೆದೆ. ಒಂದು ಕಡೆ ಮುನ್ನೂರು,
ಇನ್ನೊಂದು ಕಡೆ ಮೂರು ಮಿಲಿಮೀಟರು ಕಮ್ಮಿ.
ವೃತ್ತ ಕೇಳಿದರೆ ಮೊಟ್ಟೆ ಇಟ್ಟಿತ್ತು.

ಮೂರು ದಿನ ಹುಡುಕಿದೆವು.
ಚಕ್ರ ಬಿಚ್ಚಿದೆವು, ಲೆಕ್ಕ ತಿದ್ದಿದೆವು,
ಕಂಪ್ಯೂಟರನ್ನು ಬೈದೆವು.
ನಾಲ್ಕನೆಯ ದಿನ ಎಲೆಕೋಸಿಗೆ ಇಳಿದು ಬಂದ ತೊಂಚ್ಕಾ
ಬಟ್ಟಲು ಬಗಲಲ್ಲಿಟ್ಟುಕೊಂಡು
ಹಾದುಹೋಗುತ್ತಾ ಬೆಲ್ಟನ್ನು ಒಂದು ಬೆರಳಲ್ಲಿ ಮೀಟಿ
"ಇದು ಸಡಿಲ" ಅಂದಳು.
ಇನ್ನೊಂದನ್ನು ಮೀಟಿ, "ಇದು ಸರಿ."
ಅಷ್ಟೇ. ಮೆಟ್ಟಿಲು ಹತ್ತಿದಳು.
ಐವತ್ತು ವರ್ಷ ನಲವತ್ತು ಜೊತೆ ದಾರಗಳ
ಬಿಗಿಯನ್ನು ಬೆರಳ ತುದಿಯಲ್ಲಿ ಕಾದವಳು.
ನಾನು ಆ ಮನೆಯಲ್ಲೇ ಕೂತು
ಮೂರು ದಿನ ಪುಸ್ತಕ ಓದಿದ್ದೆ.

ಬಿಗಿ ಮಾಡಿದೆ.
ಆಮೇಲೆ ಬಂದ ದುಂಡು, ಯಾವ ಕಡೆ ಅಳೆದರೂ ಮುನ್ನೂರು.
ಮೇಲೆ ಕೊಂಡೊಯ್ದು ಕೊಟ್ಟೆ,
ಪೀಪಾಯಿಗೆ ಮುಚ್ಚಳ ಅಂತ.
ಕೂರಲಿಲ್ಲ. ಪೀಪಾಯಿ ಅವಳ ಅಜ್ಜಿಯದು,
ಮುದಿಯಾಗಿ ಅದೂ ಸೊಟ್ಟಗಾಗಿದೆ.
ಅವಳು ಆ ಮೊಟ್ಟೆಯನ್ನೇ ತಂದು
ಕಾಲು ಸುತ್ತು ತಿರುಗಿಸಿ ಒತ್ತಿದಳು. ಕೂತಿತು.

"ಬಾಬಿನ್ ಮಾಡುತ್ತದಾ ನಿನ್ನ ಯಂತ್ರ?
ಎರಡು ಸೀಳಿವೆ ನನ್ನವು."
"ಇಲ್ಲ, ಅದಕ್ಕೆ ಲೇತು ಬೇಕು."
"ಮತ್ತೆ, ಇದಕ್ಕೆ ಏನು ಬರುತ್ತದೆ?"
ಕೈಯಲ್ಲಿದ್ದ ದುಂಡನ್ನು
ಹಿಂದೆ ಮುಂದೆ ತಿರುಗಿಸಿ ನೋಡಿದೆ.
"ಸದ್ಯಕ್ಕೆ," ಅಂದೆ, "ಸೊನ್ನೆ."